ಕಾಶಿಯಲ್ಲಿ ಕೆಂಚವ್ವ ಹಚ್ಚಿಕೊಂಡ ವಿಭೂತಿ

ರಾಮದುರ್ಗದ ಕೆಂಚವ್ವ ಸುಮ್ಮನೆ ಕುಳಿತದ್ದನ್ನು ಓಣಿಯಲ್ಲಿ ಯಾರೂ ಕಂಡವರಿರಲಿಲ್ಲ. ಹೂಲಿಯಲ್ಲಿ ಹುಟ್ಟಿ, ರಾಮದುರ್ಗಕ್ಕೆ ಸೊಸೆಯಾಗಿ ಬಂದು, ಗಂಡ ತೀರಿದ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕಿದವಳು. ರೊಟ್ಟಿ ಬಡಿಯುವ ಸಪ್ಪಳಕ್ಕಿಂತ ಅವಳ ದನಿಯೇ ದೊಡ್ಡದು. ಅಂಥವಳು ಕಾಶಿಗೆ ಹೋದ ಮೊದಲ ದಿನ ಬಾಯಿಯೇ ಬಿಡಲಿಲ್ಲ.

ಹೋದದ್ದು ಹಿತ್ತಲ ಗೋಡೆಯಾಚೆಯ ಯಮುನಾಬಾಯಿಗಾಗಿ. ಅವರ ಗಂಡ ಕೃಷ್ಣಾಜಿ ರಾಯರು ಆ ವರ್ಷವೇ ತೀರಿಕೊಂಡಿದ್ದರು. "ನನ್ನನ್ನ ಮಲಪ್ರಭಾದಾಗ ಬಿಡಬ್ಯಾಡ್ರಿ, ಬ್ಯಾಸಗ್ಯಾಗ ಒಣಗ್ತದ. ಕಾಶಿಗೆ ಒಯ್ರಿ," ಎಂದು ಕೊನೆಗಾಲದಲ್ಲೂ ನಗಿಸಿ ಹೋದವರು. ಅವರ ಒಂದು ಗುಟ್ಟು ಕೆಂಚವ್ವನ ಹೊಟ್ಟೆಯಲ್ಲಿತ್ತು. ಈರುಳ್ಳಿ ಒಳಗೆ ಬರದ ಮಡಿಯ ಮನೆಯ ರಾಯರು ಆಗಾಗ ಹಿತ್ತಲಿಂದ ಬಂದು, ಇವಳ ಒಲೆಯ ಮುಂದೆ ಕುಳಿತು, ಬಿಸಿ ರೊಟ್ಟಿಗೆ ಹಸಿ ಉಳ್ಳಾಗಡ್ಡಿ ಕಡಿದುಕೊಂಡು ತಿಂದು ಹೋಗುತ್ತಿದ್ದರು. ಅದನ್ನವಳು ಯಾರಿಗೂ ಹೇಳಿರಲಿಲ್ಲ.

ಮಗ ಭರತ ತಾಮ್ರದ ಗಿಂಡಿಯಲ್ಲಿ ತಂದೆಯ ಅಸ್ಥಿಯಿಟ್ಟು, ಬಾಯಿಗೆ ಕೆಂಪು ಬಟ್ಟೆ ಕಟ್ಟಿ ಹೊರಟಾಗ ಯಮುನಾಬಾಯಿ ಹಟ ಹಿಡಿದರು. "ಕೆಂಚವ್ವ ಬಂದ್ರ ನಾ ಬರ್ತೀನಿ. ಇಲ್ಲಾಂದ್ರ ನೀ ಒಬ್ಬನs ಹೋಗು."

ಕಾಶಿಯೆಂದರೆ ತೊಳೆದ ಕಲ್ಲಿನ ದೊಡ್ಡ ಗುಡಿಯಂಗಳದಂಥ ಊರೆಂದು ಕೆಂಚವ್ವ ತಿಳಿದಿದ್ದಳು. ಕಂಡದ್ದು ಕೈ ಚಾಚಿದರೆ ಎರಡೂ ಗೋಡೆ ತಾಗುವ ಓಣಿ. ಅದರಲ್ಲೇ ಗೂಳಿ, ಅದರಲ್ಲೇ ಮೋಟರ್‌ಸೈಕಲ್ಲು, ಅದರಲ್ಲೇ ಹೆಣ. ಬಿದಿರ ಚಟ್ಟ ಹೊತ್ತವರು ಕೂಗುತ್ತ ಓಡಿಬಂದರು. ಕೆಂಚವ್ವ ಗೋಡೆಗೆ ಅಂಟಿ ನಿಂತಳು. ಹೆಣದ ಮೇಲಿನ ಜರಿಬಟ್ಟೆ ಅವಳ ಸೀರೆ ಸವರಿ ಹೋಯಿತು. ಪಕ್ಕದಲ್ಲಿ ಜಿಲೇಬಿ ಕರಿಯುತ್ತಿದ್ದವನು ತಲೆ ಸಹ ಎತ್ತಲಿಲ್ಲ.

ಘಾಟಿಗೆ ಬಂದಾಗ ಇನ್ನೂ ಕಷ್ಟವಾಯಿತು. ಅವಳ ಮಂದಿಯಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ ಮಣ್ಣು ಕೊಡುತ್ತಾರೆ. ಗಂಡನಿಗೆ ಅವಳೂ ಒಂದು ಹಿಡಿ ಮಣ್ಣು ಹಾಕಿದ್ದಳು. ಯಮುನಾಬಾಯಿಯ ಮನೆಯಲ್ಲಿ ಸುಡುತ್ತಾರೆ, ಆದರೆ ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ. ಹೀಗಾಗಿ ಇಬ್ಬರೂ ಉರಿಯುವ ಚಿತೆ ನೋಡಿದ್ದು ಅವತ್ತೇ. ಕಟ್ಟಿಗೆಯಿಂದ ಹೊರಚಾಚಿದ ಪಾದವನ್ನು ಒಬ್ಬ ಗಳದಿಂದ ಒಳಗೆ ನೂಕಿದ. ಹತ್ತಿರದಲ್ಲೇ ಆಡೊಂದು ಹೆಣದ ಮಾಲೆ ಮೇಯುತ್ತಿತ್ತು.

"ಇವರಿಗೂ ಹಿಂಗs ಮಾಡಿದ್ರೇನೋ ಭರತಾ?" ಎಂದರು ಯಮುನಾಬಾಯಿ.

ಭರತ ಅವರ ಭುಜ ಹಿಡಿದು ಹೊಳೆಯ ಕಡೆ ತಿರುಗಿಸಿದ.

ಮರುದಿನ ನಸುಕಿನಲ್ಲಿ ಛತ್ರದ ಕೋಣೆಯಲ್ಲಿ ಕರೆಂಟ್ ಇರಲಿಲ್ಲ. ಜಳಕ ಮಾಡಿ ಬಂದ ಕೆಂಚವ್ವ ಚೀಲ ತಡಕಿದಳು. ವಿಭೂತಿ ಗಟ್ಟಿ ಇಲ್ಲ, ರೈಲಿನಲ್ಲೇ ಉಳಿದಿರಬೇಕು. ವಿಭೂತಿ ಹಚ್ಚದೆ ಅವಳು ಒಂದು ಗುಟುಕು ಚಹಾ ಸಹ ಕುಡಿದವಳಲ್ಲ. ಕಿಟಕಿಯಲ್ಲಿ ಯಮುನಾಬಾಯಿ ಇಟ್ಟುಕೊಂಡ ದೇವರ ಫೋಟೋ ಇತ್ತು, ಅದರ ಮುಂದೊಂದು ಕಾಗದದ ಪುಡಿಕೆ. ಬಿಚ್ಚಿ ನೋಡಿದರೆ ಬೂದಿ. ಭರತ ಗುಡಿಯಿಂದ ತಂದಿರಬೇಕೆಂದುಕೊಂಡು, "ಶಿವಶಿವಾ" ಎನ್ನುತ್ತ ಮೂರು ಬೆರಳು ಅದ್ದಿ ಹಣೆ ತುಂಬ ಎಳೆದುಕೊಂಡಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಕರೆಂಟ್ ಬಂತು. ಬಾಗಿಲಲ್ಲಿ ಯಮುನಾಬಾಯಿ, ಅವರ ಹಿಂದೆ ಭರತ.

"ಕಾಶಿ ವಿಭೂತಿ ನುಣ್ಣಗಿಲ್ಲ ಬಿಡ್ರಿ ಅಕ್ಕಾರ. ನಮ್ದs ಚಲೋ," ಎಂದಳು ಕೆಂಚವ್ವ.

ಯಮುನಾಬಾಯಿಯ ಕೈಯಲ್ಲಿದ್ದ ಒದ್ದೆ ಸೀರೆ ಕೆಳಗೆ ಬಿತ್ತು.

"ಅದು ವಿಭೂತಿ ಅಲ್ಲ. ರೈಲಿನ್ಯಾಗ ಗಿಂಡಿ ಬಟ್ಟಿ ಸಡಲಾಗಿ ಚೀಲದಾಗ ಚೆಲ್ಲಿತ್ತು. ಬಳದು ಕಟ್ಟಿಟ್ಟಿದ್ದೆ. ಅದು... ಇವರು."

"ಯಾರ್ರೀ?"

"ಇವರು, ಕೆಂಚವ್ವಾ. ಭರತನ ಅಪ್ಪ."

ಕೆಂಚವ್ವನ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಒರೆಸಿದರೆ ರಾಯರು ಸೆರಗಿಗೆ ಹತ್ತುತ್ತಾರೆ. ತೊಳೆದರೆ ಗಟಾರಕ್ಕೆ ಹೋಗುತ್ತಾರೆ. ಕೈಯನ್ನು ಮೈಯಿಂದ ದೂರ ಹಿಡಿದು ನಿಂತಳು.

"ಏನ್ ಮಾಡಿದ್ರಿ ಮಾವಶಿ! ಇವತ್ತs ಬಿಡೋದು. ಭಟ್ಟರಿಗೆ ಏನಂತ ಹೇಳ್ಲಿ?" ಎಂದ ಭರತ.

"ನನ್ನ ಊರಿಗೆ ಕಳಸಿಬಿಡಪಾ. ಅಕ್ಕಾರ, ಇನ್ನ ಮ್ಯಾಲೆ ನನ್ನ ಮಾರಿ ನೋಡಬ್ಯಾಡ್ರಿ. ಹಿತ್ತಲ ಬಾಗಲಾ ಹಾಕ್ಕೊಂಡಬಿಡ್ರಿ."

ಯಮುನಾಬಾಯಿ ಆ ಹಣೆಯನ್ನೇ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿದೆಯೋ ಅಳುವಿದೆಯೋ ತಿಳಿಯಲಿಲ್ಲ.

"ಇದ್ದಾಗೂ ಹೀಂಗs," ಎಂದರು ಕೊನೆಗೆ. "ಕಣ್ಣು ತಪ್ಪಿಸಿ ನಿನ್ನ ಮನಿಗೇ ಓಡ್ತಿದ್ರು. ಉಳ್ಳಾಗಡ್ಡಿ ವಾಸನಿ ಯಾಕ ಅಂದ್ರ, 'ಕೆಂಚವ್ವನ ಕಡಿಂದ ಗಾಳಿ ಬೀಸೇದ' ಅಂತಿದ್ರು."

ಕೆಂಚವ್ವನಿಗೆ ಇದು ಇನ್ನೊಂದು ಪೆಟ್ಟು. "ನಿಮಗ... ಗೊತ್ತಿತ್ತೇನ್ರಿ?"

"ಗಂಡನ ಬಾಯಿ ವಾಸನಿ ಹೆಂಡತಿಗೆ ಗೊತ್ತಾಗೂದಿಲ್ಲೇನು, ಹುಚ್ಚಿ? ನಡಿ ಹೊಳಿಗೆ. ಭರತಾ, ಭಟ್ಟರಿಗೆ ಏನೂ ಹೇಳಬ್ಯಾಡ."

ದಾರಿಯುದ್ದಕ್ಕೂ ಕೆಂಚವ್ವ ಹಣೆ ಅಲುಗದಂತೆ, ತುಂಬಿದ ಕೊಡ ಹೊತ್ತವಳ ಹಾಗೆ ನಡೆದಳು. ಎದುರು ಬಂದ ಹೆಣಗಳು ಈಗ ಅವಳಿಗೆ ಕಾಣಲೇ ಇಲ್ಲ.

ಹೊಳೆಯಲ್ಲಿ ಭಟ್ಟರ ಮಂತ್ರ ಮುಗಿಯಿತು. ಗಿಂಡಿಯನ್ನೂ ಪುಡಿಕೆಯಲ್ಲಿ ಉಳಿದದ್ದನ್ನೂ ಮಗನೇ ನೀರಿಗೆ ಬಿಟ್ಟ. ತಾಯಿ ಮುಟ್ಟುವ ಪದ್ಧತಿ ಇರಲಿಲ್ಲ. ಅವರು ದೂರ ನಿಂತು ನೋಡಿದರು. ಭಟ್ಟರು ಮೆಟ್ಟಿಲೇರಿದ ಮೇಲೆ ಯಮುನಾಬಾಯಿ ಕೆಂಚವ್ವನ ರಟ್ಟೆ ಹಿಡಿದು ನೀರಿಗಿಳಿಸಿದರು. ಬೊಗಸೆ ತುಂಬ ನೀರು ತೆಗೆದುಕೊಂಡರು. ಆ ಹಣೆಯ ಮೇಲಿದ್ದಷ್ಟನ್ನು ಮಾತ್ರ ಅವರು ತಮ್ಮ ಕೈಯಾರೆ ಬಿಡಬಹುದಿತ್ತು.

"ಅಕ್ಕಾರ, ನಾ ಬೇಕಂತ..."

"ಕಣ್ಣು ಮುಚ್ಚು. ಬಾಯೀನೂ ಮುಚ್ಚು, ಒಳಗ ಹೋದಾರು."

ಕೆಂಚವ್ವ ಎರಡನ್ನೂ ಗಟ್ಟಿಯಾಗಿ ಮುಚ್ಚಿಕೊಂಡಳು.