ಊದದ ಸೀಟಿ

ಮೂಡಲಪಾಳ್ಯದ ನಿಲ್ದಾಣದಲ್ಲಿ ಹೆಂಗಸೊಬ್ಬರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಕಂಡಕ್ಟರ್ ಆದ ನಾನು ಇನ್ನೂ ಸೀಟಿ ಊದಿರಲಿಲ್ಲ. ಬಸ್ಸು ಹೊರಟೇಬಿಟ್ಟಿತು. "ಹೋಲ್ಡಾನ್" ಎಂದು ಕಿರುಚಿದೆ. ಬ್ರೇಕ್ ಬಿತ್ತು. ಅವರು ಬಾಗಿಲ ಕಂಬಿಗೆ ಜೋತುಬಿದ್ದು ಉಳಿದುಕೊಂಡರು.

ಚಾಲಕರು ನನ್ನತ್ತ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. "ರೈಟ್ ಅಂತ ಸೀಟಿ ಹೊಡೆದ್ರಲ್ಲಮ್ಮ?"

"ಇಲ್ಲಣ್ಣ. ಸೀಟಿ ಇನ್ನೂ ಕೈಯಲ್ಲೇ ಇದೆ."

ಕೆಂಗೇರಿಯಲ್ಲಿ ಜನರೆಲ್ಲ ಇಳಿದರೂ ಚಾಲಕರು ಸೀಟಿನಿಂದ ಏಳಲಿಲ್ಲ. ಅವರ ತಾಯಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದೆಯಂತೆ. ಬೇಕಾದಾಗ ಕರೆಯಲೆಂದು, ನಾವು ಬಳಸುವಂಥದೇ ಸೀಟಿಯೊಂದನ್ನು ಇವರೇ ತಂದು ತಾಯಿಯ ಕೊರಳಿಗೆ ಹಾಕಿದ್ದಾರೆ.

"ಮನೇಲಿರೋ ಹೊತ್ತೆಲ್ಲ ಅದಕ್ಕೇ ಕಿವಿ ಕೊಟ್ಟಿರ್ತೀನಿ. ಈಗ ಇಲ್ಲಿ ಕೂತ್ರೂ ಅದೇ ಕೇಳ್ಸುತ್ತೆ. ಇಷ್ಟು ವರ್ಷ ಓಡಿಸಿರೋ ಗಾಡಿ, ಮುಟ್ಟೋಕೇ ಭಯ ಆಗ್ತಿದೆ ಕಣಮ್ಮ" ಎಂದರು.

ಅಂದಿನಿಂದ ಅವರ ಬಸ್ಸಿನಲ್ಲಿ ನಾನು ಸೀಟಿ ಊದುವುದಿಲ್ಲ. ಬಾಯಲ್ಲೇ "ರೈಟ್ ಅಣ್ಣ" ಎನ್ನುತ್ತೇನೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದ ಮೇಲೆಯೇ ಅವರು ಗೇರ್ ಹಾಕುತ್ತಾರೆ. ಆದರೂ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರ ಸೀಟಿ ಕೇಳಿದರೆ ಸಾಕು, ನನ್ನ ಕಣ್ಣು ಬಾಗಿಲ ಮೆಟ್ಟಿಲಿಗೆ ಓಡುತ್ತದೆ.