ಸಾರಥಿ ಎಂದರೆ ಮೂವರು ಎದ್ದು ನಿಲ್ಲುತ್ತಿದ್ದರು

ಟೀಚರುಗಳ ಬಗ್ಗೆ ಮಕ್ಕಳ ಅಭಿಪ್ರಾಯ ಕೇಳೋಣ ಎಂದು ಹೊಸ ಹೆಡ್‌ಮಾಸ್ಟರು ಹೇಳಿದಾಗ ಸ್ಟಾಫ್‌ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾರಾಡಿದವಳು ನಾನೇ.

"ಗುರುವಿಗೇ ತಿರುಮಂತ್ರ ಹೇಳಿಸ್ತೀರೇನ್ರಿ ಸರ್? ನಿನ್ನೆ ಮೊನ್ನೆ ಮೂಗು ಒರೆಸ್ಕೊಳ್ಳಾದು ಕಲ್ತಾವ, ಅವು ನಮಗೆ ಮಾರ್ಕ್ಸ್ ಹಾಕ್ಬೇಕಾ?"

"ಮಾರ್ಕ್ಸ್ ಬ್ಯಾಡ್ರಿ. ಎರಡು ಮಾತು ಕೇಳ್ತೀನಿ, ಅಷ್ಟೆ" ಎಂದರು ಅವರು.

ನಾನು ದಾವಣಗೆರೆಯಿಂದ ಹರಿಹರದ ಈ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಗಣಿತದ ಟೀಚರು. ಚೆನ್ನಾಗಿ ಪಾಠ ಮಾಡುತ್ತೇನೆಂಬ ಜಂಬ ನನಗೆ ಧಾರಾಳವಾಗಿಯೇ ಇತ್ತು. ಹಾಗಿದ್ದರೆ ಹೆದರಿಕೆ ಯಾತಕ್ಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ನನ್ನ ಹತ್ತನೇ ಕ್ಲಾಸಿನ ಸರದಿ ಬಂದಾಗ ಹೆಡ್‌ಮಾಸ್ಟರು ನನ್ನನ್ನು ಹೊರಗೆ ಕಳಿಸಿದರು. ಮರ್ಯಾದೆಯಿಂದ ಸ್ಟಾಫ್‌ರೂಮಿಗೆ ಹೋಗಬಹುದಿತ್ತು. ಹೋಗದೆ ಕಿಟಕಿಯ ಪಕ್ಕದ ಗೋಡೆಗೆ ಒರಗಿ, ಕಳ್ಳಿಯ ಹಾಗೆ ಕಿವಿಗೊಟ್ಟು ನಿಂತೆ.

ಮೊದಲು ಹೊಗಳಿಕೆಯೇ ಬಂತು. "ಲೆಕ್ಕ ಭಾಳ ಚೆಂದ ಹೇಳ್ತಾರ್ರಿ ಸರ್" ಎಂದ ಒಬ್ಬ. ನಾನು ಹೊರಗೆ ಉಬ್ಬಿಹೋದೆ. ಆಮೇಲೆ ಒಂದು ಹುಡುಗಿಯ ದನಿ ಕೇಳಿಸಿತು.

"ಸರ್, ಮಿಸ್ ಚಲೋ ಹೇಳ್ತಾರ್ರಿ. ಆದ್ರ ಹಳ್ಳಿಯಿಂದ ಬರೋರ ಹೆಸರು ಅವರಿಗೆ ಗೊತ್ತಿಲ್ರಿ. ನಮ್ಮನ್ನ ಸಾರಥಿ, ಭಾನುವಳ್ಳಿ ಅಂತ ಊರ ಹೆಸರು ಹಿಡಿದು ಕರೀತಾರ. ಸಾರಥಿಯಿಂದ ಮೂರು ಜನ ಬರ್ತೀವ್ರಿ. ಸಾರಥಿ ಅಂದ್ರ ಮೂರೂ ಜನ ಎದ್ದು ನಿಲ್ತೀವಿ."

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

ನನಗೆ ಮೊದಲು ಬಂದದ್ದು ಸಿಟ್ಟು. ಊರಿನ ಹೆಸರು ಹಿಡಿದು ಕರೆದರೆ ಏನಾಯಿತು? ದಾವಣಗೆರೆ ಮಂಡಿಪೇಟೆಯ ನಮ್ಮ ಅಂಗಡಿಯಲ್ಲಿ ಅಪ್ಪ ರೈತರನ್ನು ಕರೆಯುತ್ತಿದ್ದದ್ದೇ ಹಾಗೆ. "ಏ ಭಾನುವಳ್ಳಿ, ಬಾರಪ್ಪ, ಚಾ ಕುಡಿ." ಅದರಲ್ಲಿ ಪ್ರೀತಿಯೇ ಇತ್ತು ಎಂದು ನಾನು ನಂಬಿದ್ದೆ. ಆದರೆ ಪೇಟೆಯ ವ್ಯಾಪಾರಿ ಬಂದರೆ ಅದೇ ಅಪ್ಪ ಎದ್ದು ನಿಂತು, ಹೆಸರಿಗೆ 'ಅವರೇ' ಸೇರಿಸಿ ಕುರ್ಚಿ ಎಳೆಯುತ್ತಿದ್ದರು. ಗೋಡೆಗೆ ಒರಗಿ ನಿಂತಾಗಲೇ ಅದು ನೆನಪಾಗಬೇಕೇ! ನನ್ನ ಕ್ಲಾಸಿನಲ್ಲೂ ಹರಿಹರದ ಅಂಗಡಿಯವರ ಮಕ್ಕಳ ಹೆಸರು ನನಗೆ ಗೊತ್ತಿತ್ತು. ಅವರ ತಮ್ಮ ತಂಗಿಯರ ಹೆಸರೂ ಗೊತ್ತಿತ್ತು. ಮಿಕ್ಕವರ ಹಾಜರಿಯನ್ನು ನಂಬರಿನಲ್ಲೇ ಮುಗಿಸುತ್ತಿದ್ದೆ.

ದನಿಯಿಂದ ಗುರುತು ಸಿಕ್ಕಿತ್ತು; ಆ ಹುಡುಗಿಯ ಹೆಸರು ನೆನಪಿಸಿಕೊಳ್ಳಲು ನೋಡಿದೆ. ಎಂಟನೇ ಕ್ಲಾಸಿನಿಂದ ಅವಳಿಗೆ ಪಾಠ ಮಾಡಿದ್ದೇನೆ. ಎರಡನೇ ಬೆಂಚಿನ ತುದಿಯಲ್ಲಿ ಕೂರುತ್ತಾಳೆ, ತ್ರಿಕೋನಮಿತಿಯಲ್ಲಿ ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ. ಹೆಸರು ಮಾತ್ರ ಹೊಳೆಯಲಿಲ್ಲ. ಗೊತ್ತಿದ್ದು ಮರೆತಿದ್ದರೆ ತಾನೇ ಹೊಳೆಯುವುದು! ನಾಚಿಕೆಯಿಂದ ಅಲ್ಲೇ ಕುಗ್ಗಿಹೋದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಒಬ್ಬಳೇ ಸಿಕ್ಕಳು. ಹತ್ತಿರ ಹೋಗಿ, ತಡವರಿಸುತ್ತ ಕೇಳಿದೆ.

"ನಿನ್ನ ಹೆಸರೇನವ್ವ?"

ಅವಳು ಗಾಬರಿಯಾದಳು. ನಾನು ಕದ್ದು ಕೇಳಿಸಿಕೊಂಡದ್ದು ಅವಳಿಗೆ ತಿಳಿದುಹೋಯಿತು. ಆಮೇಲೆ, ನನ್ನನ್ನು ಸಮಾಧಾನ ಮಾಡುವವಳಂತೆ ಮೆಲ್ಲಗೆ ಹೇಳಿದಳು:

"ಹೋಗ್ಲಿ ಬಿಡ್ರಿ ಮಿಸ್. ಪರೀಕ್ಷೆ ಹತ್ರ ಬಂದೈತೆ, ಇನ್ನೆಷ್ಟು ದಿನ? ಸಾರಥಿ ಅಂತನೇ ಕರೀರಿ, ಎದ್ದು ನಿಲ್ತೀನಿ."