ಏಳು ಜನರೆದುರು ಕಲ್ಲಾದ ಕಡುಬು

ಫೆಬ್ರವರಿಯ ಎರಡನೇ ಭಾನುವಾರ ಚಿಕ್ಕಪ್ಪ ನನ್ನ ಮರ್ಯಾದೆ ತೆಗೆದಾಗ ಅದನ್ನು ಕೇಳಿಸಿಕೊಂಡವರು ಏಳು ಜನ. ಅಜ್ಜಿ, ಚಿಕ್ಕಮ್ಮ, ಕೊಟ್ಟಿಗೆಹಾರದಿಂದ ಊಟಕ್ಕೆ ಬಂದಿದ್ದ ಅತ್ತೆ, ಮಾವ, ಅವರ ಇಬ್ಬರು ಹೆಣ್ಣುಮಕ್ಕಳು, ಏನೋ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ತೋಟದ ಮೇಸ್ತ್ರಿ. ಪಟ್ಟಿ ಡೈರಿಯಲ್ಲಿದೆ.

ಬೆಳಿಗ್ಗೆ ಬೇಯಿಸಿದ್ದ ಅಕ್ಕಿ ಕಡುಬನ್ನು ಬಿಸಿ ಮಾಡು ಎಂದು ಚಿಕ್ಕಮ್ಮ ಹೇಳಿದ್ದರು. ಮೈಕ್ರೋವೇವಿನ ಸೆನ್ಸರ್ ಗುಂಡಿ ಒತ್ತಿದೆ. ಆ ಗುಂಡಿಗೆ ಇಷ್ಟು ನಿಮಿಷ ಎಂದು ಹೇಳಬೇಕಿಲ್ಲ. ಆವಿ ಏಳುತ್ತಿದ್ದಂತೆ ಒಳಗಿನ ತೇವದ ಸೆನ್ಸರ್ ಅದನ್ನು ಹಿಡಿದು, ಉಳಿದ ಸಮಯವನ್ನು ತಾನೇ ಲೆಕ್ಕ ಹಾಕಿ ಒಲೆಯನ್ನು ನಿಲ್ಲಿಸುತ್ತದೆ. ಅವತ್ತು ನಿಲ್ಲಿಸಲಿಲ್ಲ. ನಾನು ಕೋಳಿ ಸಾರು ಬಡಿಸಿ ಬರುವಷ್ಟರಲ್ಲಿ ಕಡುಬು ಕಲ್ಲಾಗಿತ್ತು.

ಮಾವ ಒಂದನ್ನೆತ್ತಿ ತಟ್ಟೆಗೆ ಕುಟ್ಟಿ ಸದ್ದು ಮಾಡಿದರು. ಚಿಕ್ಕಪ್ಪ ಹೊಟ್ಟೆ ಹಿಡಿದು ನಕ್ಕರು.

"ಒಂದು ಗುಂಡಿ ಒತ್ತಕ್ಕೆ ಬರಲ್ಲ ಈ ಮಾರಾಯ್ತಿಗೆ. ಇವಳ ಕೈಗೆ ಮಾಯಿಶ್ಚರ್ ಮೀಟರ್ ಕೊಟ್ಟು ಕಾಫಿ ಒಣಗಿದ್ಯಾ ನೋಡು ಅಂತ ಕೂರಿಸಿದೀನಲ್ಲ, ನಂಗೆ ಬುದ್ಧಿ ಇಲ್ಲ!"

ಎರಡು ಕೊಯ್ಲಿನಿಂದ ತೇವ ಅಳೆಯುವ ಆ ಮೀಟರ್ ನನ್ನ ಕೈಯಲ್ಲಿತ್ತು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಳಗಿನ ತೆಳು ಹೊಟ್ಟಿನ ಸಮೇತ ಕಣದಲ್ಲಿ ಹರಡಿದ ಬೀಜಕ್ಕೆ ನಮ್ಮಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದರ ತೇವ ಶೇಕಡಾ ಹತ್ತರ ಹತ್ತಿರಕ್ಕೆ ಇಳಿಯದೆ ಚೀಲ ಕಟ್ಟುವಂತಿಲ್ಲ. ನಾನು ಹೂಂ ಎಂದ ಮೇಲೆಯೇ ಮೇಸ್ತ್ರಿ ಚೀಲ ತರಿಸುತ್ತಿದ್ದರು. ಆ ತೋಟದಲ್ಲಿ ನನ್ನ ಮಾತು ನಡೆಯುತ್ತಿದ್ದ ಜಾಗ ಅದೊಂದೇ. ಸೋಮವಾರ ಬೆಳಿಗ್ಗೆ ಚಿಕ್ಕಪ್ಪ ಮೀಟರನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಡುಬಿನ ಕತೆಯನ್ನು ಆಮೇಲೆ ಹನ್ನೊಂದು ಸಲ ಹೇಳಿದರು. ಹೇಳಿದಾಗಲೆಲ್ಲ ಡೈರಿಯ ಕೊನೆಯ ಪುಟದಲ್ಲಿ ಒಂದು ಗೀಟು ಎಳೆದೆ.

"ವೋಲ್ಟೇಜ್ ಇರಲಿಲ್ವೇನೋ, ಬಿಡು," ಎಂದರು ಚಿಕ್ಕಮ್ಮ. ನಾನು ಬಿಡಲಿಲ್ಲ.

ಐದು ದಿನ, ದಿನಕ್ಕೆರಡು ಪರೀಕ್ಷೆ. ಮೊದಲು ಒಂದು ಲೋಟ ನೀರಿಟ್ಟು ನಿಮಿಷ ಕೊಟ್ಟು ಕಾಯಿಸುತ್ತಿದ್ದೆ. ಐದು ಸಲವೂ ಸರಿಯಾಗಿ ಕುದಿಯಿತು, ದೀಪ ಮಂಕಾಗಿದ್ದ ದಿನವೂ. ಕಾಯಿಸುವ ಭಾಗದಲ್ಲಿ ದೋಷವಿಲ್ಲ. ಬಾಗಿಲು ತೆರೆದಿಟ್ಟು, ಒಳಗು ಪೂರ್ತಿ ಆರಿದ ಮೇಲೆ ಅದೇ ಲೋಟದಲ್ಲಿ ತಣ್ಣೀರಿಟ್ಟು ಸೆನ್ಸರ್ ಗುಂಡಿ ಒತ್ತುತ್ತಿದ್ದೆ. ಹಳೆಯ ಆವಿ ಉಳಿದಿದ್ದರೆ ಪರೀಕ್ಷೆ ಕೆಡುತ್ತದೆ. ನೀರು ಕುದಿಯುತ್ತಿತ್ತು, ಬಾಗಿಲಿನ ಗಾಜು ಮಬ್ಬಾಗುತ್ತಿತ್ತು, ಆದರೆ ಉಳಿದ ನಿಮಿಷದ ಅಂಕಿ ಮಾತ್ರ ಮೂಡುತ್ತಿರಲಿಲ್ಲ. ಐದಕ್ಕೆ ಐದೂ ಹಾಗೆಯೇ. ಕಣ್ಣೆದುರು ಏಳುತ್ತಿದ್ದ ಆವಿ ಸೆನ್ಸರಿಗೆ ತಿಳಿಯುತ್ತಿರಲಿಲ್ಲ.

ಗೋಣಿಬೀಡಿನಿಂದ ರಿಪೇರಿಯವನನ್ನು ಕರೆಸಿದೆ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ ಎಂದು ನನ್ನನ್ನು ದೂರ ನಿಲ್ಲಿಸಿ, ಅದನ್ನು ಇಳಿಸಿದ ಮೇಲೆಯೇ ಕವಚ ಬಿಚ್ಚಿದ. ಸೆನ್ಸರಿನ ತಂತಿ ಸರಿಯಿತ್ತು, ಜೋಡಣೆ ಗಟ್ಟಿಯಿತ್ತು. ಆವಿ ಹೊರಹೋಗುವ ದಾರಿಗೆ ಟಾರ್ಚ್ ಬಿಟ್ಟವನು ಹಾಗೇ ನಿಂತ.

"ಅಕ್ಕಾ, ಇದ್ರಲ್ಲಿ ಕಾಫಿ ಹುರಿತೀರಾ?"

"ಇಲ್ಲವಲ್ಲ."

"ಮತ್ತೆ ಇದೆಂಥದು?"

ಸೆನ್ಸರಿನ ಮೇಲೆ ಕಂದು ಬಣ್ಣದ ಅಂಟು ಜಿಡ್ಡು. ಅದಕ್ಕೆ ಮೆತ್ತಿಕೊಂಡು ತೆಳು ಹಳದಿ ಹೊಟ್ಟು, ಪುಡಿಪುಡಿಯಾದದ್ದು. ಪಾರ್ಚ್‌ಮೆಂಟ್ ಸಿಪ್ಪೆ. ಬೀಜವನ್ನು ಅದರೊಳಗೆ ಬಿಸಿಗಿಟ್ಟು, ಒಂದು ಸಲವಾದರೂ ಕರಕಲು ಮಾಡಿದ್ದಾರೆ.

ನಾನು ಜನವರಿಯ ಪುಟಗಳನ್ನು ತೆರೆದೆ. ಊರಿಗೆಲ್ಲ ಮೊದಲು ಚೀಲ ಕಟ್ಟುವುದು ಚಿಕ್ಕಪ್ಪನ ಹಟ. ಆ ತಿಂಗಳು ನಾನು ದಿನವೂ "ಇನ್ನೂ ಒಣಗಿಲ್ಲ" ಎನ್ನುತ್ತಿದ್ದೆ. ಆಮೇಲೆ ಮೂರು ದಿನ ಅವರೇ ಕಣದಿಂದ ಮಾದರಿ ತಂದುಕೊಟ್ಟರು. ಮೂರು ಸಲವೂ ಅಂಕಿ ಹತ್ತಕ್ಕೆ ಇಳಿದಿತ್ತು. ಪಕ್ಕದಲ್ಲಿ ನನ್ನದೇ ಅಕ್ಷರ: "ಬೀಜ ಬೆಚ್ಚಗಿದೆ. ಬಿಸಿಲಲ್ಲಿತ್ತು ಎಂದರು." ಮಾದರಿಯನ್ನಷ್ಟೇ ಮೈಕ್ರೋವೇವಿನಲ್ಲಿ ಒಣಗಿಸಿ ತಂದು ನನ್ನ ಮೀಟರಿಗೇ ಮೋಸ ಮಾಡಿ, ನನ್ನ ಬಾಯಲ್ಲೇ ಹೂಂ ಅನ್ನಿಸಿ ಚೀಲ ಕಟ್ಟಿಸಿದ್ದರು. ಕೆಟ್ಟ ಸೆನ್ಸರಿನ ತಪ್ಪನ್ನೂ ನನ್ನ ತಲೆಗೇ ಕಟ್ಟಿದ್ದರು.

ರಿಪೇರಿಯವನು ಜಿಡ್ಡು ಒರೆಸಿ ಕೊಟ್ಟ. ಲೋಟದ ನೀರಿಗೆ ಆವಿ ಬಂದದ್ದೇ ತಡ, ಅಂಕಿ ಮೂಡಿ ಇಳಿಯತೊಡಗಿತು. ಹೊಟ್ಟನ್ನು ಸಣ್ಣ ಬಾಟಲಿಗೆ ತುಂಬಿ ದಿನಾಂಕ ಅಂಟಿಸಿದೆ. ಯಾರಿಗೂ ಹೇಳಲಿಲ್ಲ. ಕೊಟ್ಟಿಗೆಹಾರಕ್ಕೆ ನಾನೇ ಫೋನ್ ಮಾಡಿ ಭಾನುವಾರ ಊಟಕ್ಕೆ ಬನ್ನಿ ಎಂದೆ. ಒಂದು ಗಂಟೆಗೆ ಸರಿಯಾಗಿ ಬಾಗಿಲಿಗೆ ಬರುವಂತೆ ಮೇಸ್ತ್ರಿಗೂ ಹೇಳಿದೆ. ಏಳು ಜನರಲ್ಲಿ ಒಬ್ಬರೂ ತಪ್ಪಬಾರದಿತ್ತು.

ಕಡುಬು ಹಬೆಯಾಡುತ್ತ ಬಂತು. ಚಿಕ್ಕಪ್ಪನ ತಟ್ಟೆಯ ಪಕ್ಕ ಬಾಟಲಿ ಇಟ್ಟೆ.

"ಇದೆಂಥದು ಹೇಳಿ ಚಿಕ್ಕಪ್ಪ."

"ಪಾರ್ಚ್‌ಮೆಂಟ್ ಹೊಟ್ಟು. ಊಟಕ್ಕೆ ಕೂತಾಗ ಯಾಕದು?"

"ಮೈಕ್ರೋವೇವ್ ಸೆನ್ಸರ್ ಮೇಲಿತ್ತು. ಒಳಗೆ ಬೀಜ ಇಟ್ಟಿದ್ದು ಯಾರು?"

ಮಾವನ ಕೈ ಬಾಯಿಯ ಹತ್ತಿರವೇ ನಿಂತಿತು. "ಎಂಥ ಮಾರಾಯ, ಕಾಫೀಲೂ ಕಡುಬು ಮಾಡ್ತಿದ್ಯಾ?"

"ನಾನು ಪೂಜೆಗೆ ಕೂತಾಗ ಅದು ಕುಂಯ್ ಅಂತಿತ್ತಲ್ರೀ!" ಚಿಕ್ಕಮ್ಮನ ಧ್ವನಿ ಏರಿತು. "ನೀರು ಬಿಸಿ ಮಾಡ್ತಿದೀನಿ ಅಂದ್ರಿ! ಪಾಪ, ಆ ಹುಡುಗಿಗೆ ಎಷ್ಟು ಅಂದ್ರಿ ನೀವು!"

"ಬಿಸಿಲು ಕಮ್ಮಿ ಇತ್ತು..." ಚಿಕ್ಕಪ್ಪ ಸಾರನ್ನೇ ನೋಡುತ್ತಿದ್ದರು. "ಎರಡೇ ನಿಮಿಷ ಇಟ್ಟಿದ್ದು."

ನಾನು ಡೈರಿ ತೆಗೆದು ಮೂರು ದಿನಾಂಕಗಳನ್ನೂ ನಿಧಾನವಾಗಿ ಓದಿದೆ. ಅಜ್ಜಿಗೆ ಕಿವಿ ಮಂದ. ಅವರಿಗೋಸ್ಕರ ಇನ್ನೊಮ್ಮೆ ಓದಿದೆ. ಆಮೇಲೆ ಕೈ ಚಾಚಿದೆ. "ಬೀರು ಕೀ ಕೊಡಿ."

ಕೊಟ್ಟರು.

ಊಟ ಮುಗಿಸಿ ಎಲ್ಲರೂ ನನ್ನ ಹಿಂದೆಯೇ ಗೋದಾಮಿಗೆ ಬಂದರು. ಜನವರಿಯಲ್ಲಿ ಕಟ್ಟಿದ ಚೀಲದಿಂದ ಒಂದು ಹಿಡಿ ಬೀಜ ತೆಗೆದು ಮೀಟರಿಗೆ ಹಾಕಿದೆ. ಹದಿಮೂರು. ಅಷ್ಟು ತೇವದಲ್ಲಿ ಬೂಷ್ಟು ಹಿಡಿಯುವುದು ಖಂಡಿತ.

"ಎಲ್ಲ ಬಿಚ್ಚಿ ಮತ್ತೆ ಹರಡಿಸಿ," ಎಂದೆ ಮೇಸ್ತ್ರಿಗೆ. ಅವರು ಚಿಕ್ಕಪ್ಪನ ಮುಖ ನೋಡಿದರು. "ಆಯ್ತಮ್ಮಾ," ಎಂದರು ಮೇಸ್ತ್ರಿ, ನನ್ನ ಕಡೆ ತಿರುಗಿ.

ನಮ್ಮ ಕಣ ರಸ್ತೆಗೆ ಕಾಣುತ್ತದೆ. ಊರಿಗೆ ಮೊದಲು ಚೀಲ ಕಟ್ಟಿದವರ ಕಾಫಿ ಮತ್ತೆ ಬಿಸಿಲಿಗೆ ಬಿದ್ದದ್ದು ಕಂಡು ಹೋಗುವವರೆಲ್ಲ ನಿಂತು ಕೇಳುತ್ತಾರೆ. ನಾನು ಕಡುಬಿನಿಂದ ಶುರು ಮಾಡಿ ಪೂರ್ತಿ ಹೇಳುತ್ತೇನೆ. ಡೈರಿಯ ಆ ಕೊನೆಯ ಪುಟದಲ್ಲೇ, ಅವರ ಹನ್ನೊಂದು ಗೀಟುಗಳ ಕೆಳಗೆ, ನನ್ನ ಗೀಟುಗಳ ಸಾಲು ಇದೆ. ಇವತ್ತಿಗೆ ಏಳಾಯಿತು. ಇನ್ನು ನಾಲ್ಕಿದೆ.